ಅಲೆ ಅಳೆದು ಮಾಡಿದ ಹಲಗೆ

ನನ್ನ ಶೆಡ್ಡಿನ ಗೋಡೆಗೆ ಒಂದು ಹಲಗೆ ಒರಗಿದೆ. ಉದ್ದ 132 ಸೆಂ.ಮೀ. ಚೂಪು ಬಾಲ, ಮೇಲೆದ್ದ ಮೂತಿ, ಮುಖ ಕಾಣುವಂಥ ಪಾಲಿಶ್. ನೋಡಿದವರೆಲ್ಲ ಮುಟ್ಟಿ ನೋಡುತ್ತಾರೆ. ದೋಣಿಯ ಹಿಂದೆ ಏಳುವ ಅಲೆಯ ಮೇಲೆ ನಿಂತು ಆಡೋಕೆ ನಾನು ಮಾಡಿದ ಮೊದಲ ವೇಕ್‌ಸರ್ಫ್ ಹಲಗೆ ಅದು. ನೀರಿಗೆ ಇಳಿದ ಮೇಲೆ ಕೆಲಸಕ್ಕೆ ಬರಲಿಲ್ಲ. ಎರಡನೆಯದು ನೋಡೋಕೆ ಅಷ್ಟು ಚೆಂದವಿಲ್ಲ, ಆದರೆ ಅಲೆ ಹಿಡಿಯಿತು. ಎರಡರ ನಡುವೆ ಏನೇನು ಬದಲಾಯಿತು, ಯಾಕೆ ಬದಲಾಯಿಸಿದೆ ಅನ್ನೋದನ್ನು ಬರೆದಿಡುತ್ತಿದ್ದೇನೆ.

ದಾವಣಗೆರೆಯ ಪಿ.ಬಿ. ರೋಡಿನ ಹತ್ತಿರ ನನ್ನದು ಫೈಬರ್ ಕೆಲಸದ ಶೆಡ್. ಬಸ್ಸಿನ ಬಂಪರ್, ಪಾರ್ಕಿನ ಜಾರುಬಂಡೆ, ನೀರಿನ ಟ್ಯಾಂಕ್, ಕಾಲಲ್ಲಿ ತುಳಿಯುವ ಪೆಡಲ್ ಬೋಟು, ಹೀಗೆ ಬಂದದ್ದನ್ನೆಲ್ಲ ಮಾಡುತ್ತೇವೆ. ಮಗಳು, ಅಳಿಯ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ಊರಲ್ಲಿದ್ದಾರೆ. ಅಲ್ಲಿ ಕೊಲರಾಡೊ ಅನ್ನೋ ನದಿಗೆ ಅಣೆಕಟ್ಟು ಕಟ್ಟಿ ನಿಲ್ಲಿಸಿದ ಟ್ರಾವಿಸ್ ಸರೋವರ ಇದೆ. ಅಳಿಯನೂ ಇಬ್ಬರು ಗೆಳೆಯರೂ ಸೇರಿ ಒಂದು ಹಳೆಯ ದೋಣಿ ತಗೊಂಡಿದ್ದಾರೆ. 21 ಅಡಿಯದು.

2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತಲ್ಲ, 1933ರ ನಂತರ ಮೊದಲ ಸಲ. ಆಗ ಅವರು ರಜೆಗೆ ಬಂದಿದ್ದರು. ಮನೆಮಂದಿಯೆಲ್ಲ ಆ ಅಣೆಕಟ್ಟು ಇರುವ ಮಾರಿಕಣಿವೆಗೆ ಹೋದೆವು. ಕೋಡಿ ನೀರು ಇಳಿದು ಹೋಗುವಲ್ಲಿ ಒಂದು ಕಡೆ ಅಲೆ ಎದ್ದು, ಎದ್ದ ಜಾಗದಲ್ಲೇ ನಿಂತುಬಿಟ್ಟಿತ್ತು. ನೀರು ಹರಿಯುತ್ತಿದೆ, ಅಲೆ ಮಾತ್ರ ಕದಲುತ್ತಿಲ್ಲ. ಅಳಿಯ ಅದನ್ನು ತೋರಿಸಿ, "ಮಾವ, ನಮ್ಮ ದೋಣಿ ಹಿಂದೆ ಇಂಥದೇ ಅಲೆ ಬರುತ್ತೆ. ಅದರ ಮೇಲೆ ಹಲಗೆ ಹಾಕ್ಕೊಂಡು ನಿಲ್ಲೋದು. ನೀವ್ಯಾಕೆ ಒಂದು ಹಲಗೆ ಮಾಡಿಕೊಡಬಾರದು?" ಅಂದರು. ಅಲ್ಲಿಂದ ಶುರುವಾಯಿತು.

ಗೊತ್ತಿಲ್ಲದವರಿಗೆ ಒಂದು ಮಾತು. ದೋಣಿ ಗಂಟೆಗೆ 16ರಿಂದ 18 ಕಿ.ಮೀ. ವೇಗದಲ್ಲಿ ಹೋಗುವಾಗ ಅದರ ಹಿಂದೆ ಒಂದು ಅಲೆ ಏಳುತ್ತೆ. ಆ ಅಲೆ ದೋಣಿಯ ಜೊತೆಗೇ, ದೋಣಿಯ ವೇಗದಲ್ಲೇ ಸಾಗುತ್ತೆ. ಆಡುವವರು ಮೊದಲು ಹಗ್ಗ ಹಿಡಿದು ನೀರಿನಿಂದ ಏಳುತ್ತಾರೆ, ಅಲೆಯ ಇಳಿಜಾರಿಗೆ ಬಂದ ಮೇಲೆ ಹಗ್ಗ ಬಿಟ್ಟುಬಿಡುತ್ತಾರೆ. ಆಮೇಲೆ ಎಳೆಯೋರು ಯಾರೂ ಇಲ್ಲ. ಇಳಿಜಾರೇ ಮುಂದಕ್ಕೆ ತಳ್ಳಬೇಕು.

ಮೊದಲ ಹಲಗೆಗೆ ನಾನು ಮಾಡಿದ್ದು ಸುಲಭದ ದಾರಿ. ಒಳ್ಳೆ ಆಟಗಾರರ ಫೋಟೊ ನೋಡಿದೆ, ಅವರ ಹಲಗೆಯ ಆಕಾರ ತೆಗೆದುಕೊಂಡೆ. ಮೂತಿ ನೆಲದಿಂದ 11 ಸೆಂ.ಮೀ. ಮೇಲೆ, ಬಾಲ 5 ಸೆಂ.ಮೀ. ಮೇಲೆ, ದಪ್ಪ 4 ಸೆಂ.ಮೀ., ಬಾಲ ಚೂಪು. ಆ ಫೋಟೊದಲ್ಲಿದ್ದ ದೋಣಿ ಯಾವುದು, ಅಲೆ ಎಷ್ಟು ಎತ್ತರ ಅಂತ ನೋಡಲೇ ಇಲ್ಲ. ಅಳಿಯ ಆಸ್ಟಿನ್‌ಗೆ ಒಯ್ದು ನೀರಿಗಿಳಿದರು. ವಿಡಿಯೊ ಕಳಿಸಿದರು. ಹಗ್ಗ ಇರುವ ತನಕ ಚೆನ್ನಾಗಿ ನಿಂತಿದ್ದಾರೆ. ಹಗ್ಗ ಬಿಟ್ಟು ಎರಡು ಮೂರು ಸೆಕೆಂಡು, ಅಷ್ಟೇ. ಅಲೆ ಮುಂದೆ ಹೋಗುತ್ತೆ, ಅವರು ಹಿಂದೆ ಉಳಿಯುತ್ತಾರೆ. ಹತ್ತು ವಿಡಿಯೊದಲ್ಲೂ ಅದೇ ಕಥೆ.

ಆ ವಿಡಿಯೊಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡುವಾಗ ನನಗೆ ನಮ್ಮಪ್ಪ ಗದ್ದೆಯಲ್ಲಿ ಹಲಗೆ ಹೊಡೆಯುತ್ತಿದ್ದದ್ದು ನೆನಪಾಯಿತು. ಭದ್ರಾ ನಾಲೆ ನೀರಿನ ಗದ್ದೆ. ಕೆಸರು ಮಟ್ಟ ಮಾಡೋಕೆ ಎತ್ತುಗಳ ಹಿಂದೆ ಹಲಗೆ ಕಟ್ಟಿ, ಅದರ ಮೇಲೆ ಅಪ್ಪ ನಿಂತಿರುತ್ತಿದ್ದ. ಹಿಂದಕ್ಕೆ ಭಾರ ಹಾಕಿದರೆ ಹಲಗೆಯ ಮುಂಭಾಗ ಎದ್ದು, ಹಿಂಭಾಗ ಕೆಸರಲ್ಲಿ ಹೂತು ಎತ್ತುಗಳು ಏದುಸಿರು ಬಿಡುತ್ತಿದ್ದವು. ಹಲಗೆ ಮಟ್ಟಸವಾಗಿ ಕೂತರೆ ಸರಸರ ಅಂತ ಜಾರುತ್ತಿತ್ತು. ಅಳಿಯನ ವಿಡಿಯೊದಲ್ಲೂ ಆಗುತ್ತಿದ್ದದ್ದು ಅದೇ. ಚೂಪು ಬಾಲ ನೀರಲ್ಲಿ ಹೂತಿದೆ, ಬಾಗಿದ ತಳ ನೀರನ್ನು ಮುಂದೆ ನೂಕುತ್ತಿದೆ. ಅಲ್ಲಿ ಎತ್ತುಗಳಾದರೂ ಇದ್ದವು. ಇಲ್ಲಿ ಇಳಿಜಾರು ಒಂದೇ.

ಹಾಗಾಗಿ ಎರಡನೆಯ ಹಲಗೆಗೆ ಮೊದಲು ಅಲೆ ಅಳೆಯಬೇಕು ಅಂತ ತೀರ್ಮಾನ ಮಾಡಿದೆ. ದಾವಣಗೆರೆಯಲ್ಲಿ ಕೂತು ಟೆಕ್ಸಾಸಿನ ಅಲೆ ಅಳೆಯೋದು ಹೇಗೆ? ಅಳಿಯನಿಗೆ ಹೇಳಿದೆ: "ನೋಡ್ರಿ ಅಳಿಯಂದ್ರೆ, ಇನ್ನೊಂದು ದೋಣಿಯಲ್ಲಿ ಕೂತು ಸರಿಯಾಗಿ ಪಕ್ಕದಿಂದ ಫೋಟೊ ತೆಗೆಸಿ. ನೀವು ಹಲಗೆ ಮೇಲೆ ನಿಂತಿರಬೇಕು, ಹಲಗೆ ಪೂರ್ತಿ ಉದ್ದ ಕಾಣಬೇಕು." ಹಲಗೆಯ ಉದ್ದ ನನಗೆ ಗೊತ್ತಲ್ವಾ, ಅದೇ ಅಳತೆಕೋಲು. ನಾಲ್ಕು ಫೋಟೊ ಬಂದವು. ಒಂದು ಚೆನ್ನಾಗಿತ್ತು. ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಹಾಳೆಗೆ ಪ್ರಿಂಟ್ ಹಾಕಿಸಿದೆ. ಕಾಗದದ ಮೇಲೆ ಹಲಗೆ 66 ಮಿ.ಮೀ. ಬಂತು. ಅಂದರೆ ಕಾಗದದ 1 ಮಿ.ಮೀ. ನೀರಿನಲ್ಲಿ 2 ಸೆಂ.ಮೀ. ಸ್ಕೇಲು ಇಟ್ಟು ಅಳೆದೆ. ಅಲೆಯ ಎತ್ತರ 33 ಮಿ.ಮೀ., ಅಂದರೆ 66 ಸೆಂ.ಮೀ. ತಳ್ಳುವ ಶಕ್ತಿ ಇರುವ ಜಾಗ ದೋಣಿಯ ಹಿಂದೆ ಸುಮಾರು 2.2 ಮೀಟರ್ ಅಷ್ಟೇ. ಆಚೆಗೆ ನೊರೆ, ಸಪ್ಪೆ ನೀರು. ಇಳಿಜಾರು ಮೂರಡಿ ಅಡ್ಡಕ್ಕೆ ಒಂದಡಿ ಇಳಿತ.

ಈ ಕೊನೆಯ ಲೆಕ್ಕವೇ ಮುಖ್ಯ. ಅಳಿಯನ ತೂಕ 78 ಕೆ.ಜಿ. ಮೂರಕ್ಕೆ ಒಂದರ ಇಳಿಜಾರು ಅವರನ್ನು ಸುಮಾರು 25 ಕೆ.ಜಿ.ಯಷ್ಟು ಬಲದಿಂದ ಕೆಳಗೆ ಜಾರಿಸುತ್ತೆ. ಎರಡಕ್ಕೆ ಒಂದು ಇಳಿಜಾರಿದ್ದರೆ ಅದು ಸುಮಾರು 35 ಆಗುತ್ತೆ. ನೀರು ಹಲಗೆಯನ್ನು ಹಿಂದಕ್ಕೆ ಎಳೆಯುವ ಬಲ ಇದಕ್ಕಿಂತ ಕಮ್ಮಿ ಇದ್ದರೆ ಅಲೆಯ ಮೇಲೆ ಉಳಿಯುತ್ತಾರೆ, ಜಾಸ್ತಿಯಾದರೆ ಹಿಂದೆ ಬೀಳುತ್ತಾರೆ. ಮೊದಲ ಹಲಗೆಗೆ ನಾನು ನೋಡಿದ ಫೋಟೊದ ಆಟಗಾರರ ದೋಣಿಗಳು ಒಂದು ಟನ್ನಿಗೂ ಜಾಸ್ತಿ ನೀರನ್ನು ಹೊಟ್ಟೆಯಲ್ಲಿ ತುಂಬಿಕೊಂಡು ಆಳವಾಗಿ ಕೂತು, ಕಡಿದಾದ ಅಲೆ ಎಬ್ಬಿಸುತ್ತವೆ. ಅಂಥ ಅಲೆಗೆ ತಳ್ಳುವ ಬಲ ಬೇಕಾದಷ್ಟು. ಅಲ್ಲಿ ಬಾಗು ಜಾಸ್ತಿ ಇರುವ ಹಲಗೆ ಬೇಕು, ಇಲ್ಲದಿದ್ದರೆ ಮೂತಿ ನೀರಿಗೆ ಚುಚ್ಚಿಕೊಳ್ಳುತ್ತೆ. ನಮ್ಮದು ಸಣ್ಣ, ಸಪಾಟು ಅಲೆ. ಇದಕ್ಕೆ ಎಳೆತ ಕಮ್ಮಿ ಇರುವ, ಅಗಲ ಬಾಲದ, ನೇರ ತಳದ ಹಲಗೆ ಬೇಕು. ಎರಡು ಅಲೆ, ಎರಡು ಹಲಗೆ. ಒಂದಕ್ಕೆ ಒಳ್ಳೆಯದು ಇನ್ನೊಂದಕ್ಕೆ ಒಳ್ಳೆಯದಲ್ಲ.

ಹಲಗೆಗೆ ಕೈ ಹಾಕೋ ಮೊದಲು ದೋಣಿಯನ್ನೂ ಸ್ವಲ್ಪ ಸರಿ ಮಾಡಿಸಿದೆ. ದೋಣಿ ಭಾರವಾಗಿ ಆಳಕ್ಕೆ ಕೂರಲಿ ಅಂತ ಇಡುವ ನೀರಿನ ಚೀಲಗಳನ್ನು ಅವರು ಎರಡೂ ಬದಿಗೆ ಸಮವಾಗಿ ಹಂಚಿದ್ದರು. ಅಳಿಯ ಬಲಗಾಲು ಮುಂದಿಟ್ಟು ನಿಲ್ಲೋರು, ದೋಣಿಯ ಬಲಬದಿಯ ಅಲೆ ಹಿಡಿಯೋರು. ಹಾಗಾಗಿ ದೊಡ್ಡ ಚೀಲ ಹಿಂದಿನ ಬಲಮೂಲೆಗೆ ಹೋಯಿತು. ದೋಣಿ ಆ ಬದಿಗೆ ವಾಲಿತು, ಅಲೆ ಶುಚಿಯಾಯಿತು, ಎತ್ತರವೂ ಒಂದಿಷ್ಟು ಬಂತು. ವೇಗವನ್ನೂ ಸ್ವಲ್ಪ ಸ್ವಲ್ಪವೇ ಬದಲಿಸಿ ನೋಡಿದರು. ನಿಧಾನ ಮಾಡಿದರೆ ಅಲೆ ಗಿಡ್ಡವಾಗಿ ಕಡಿದಾಗುತ್ತೆ, ತೀರಾ ನಿಧಾನವಾದರೆ ನೊರೆಯಾಗಿ ಮುರಿಯುತ್ತೆ. ಜೋರು ಮಾಡಿದರೆ ಉದ್ದವಾಗಿ ಸಪಾಟಾಗುತ್ತೆ. ಅವರ ದೋಣಿಗೆ 17 ಕಿ.ಮೀ. ಸರಿ ಬಂತು. ಆಳ ಕಮ್ಮಿ ಇರುವ ಕಡೆ ಅಲೆ ಕೆಡುತ್ತೆ, ಅದಕ್ಕೆ 20 ಅಡಿಗಿಂತ ಆಳವಿರುವಲ್ಲೇ ಓಡಿಸೋದು. ಮೇಲಿನ 66 ಸೆಂ.ಮೀ. ಇದೆಲ್ಲ ಆದ ಮೇಲೆ ತೆಗೆಸಿದ ಫೋಟೊದ್ದು.

ಇನ್ನು ಹಲಗೆ. ಉದ್ದ 152 ಸೆಂ.ಮೀ., ಅಗಲ 53, ನಡುವಿನ ದಪ್ಪ 5.7. ಮೂತಿಯ ಎತ್ತರ 11ರಿಂದ 7.5ಕ್ಕೆ ಇಳಿಸಿದೆ, ಬಾಲದ್ದು 5ರಿಂದ 2.5ಕ್ಕೆ. ಬಾಲದಿಂದ ಒಂದು ಅಡಿ ಮುಂದೆ ಅಳೆದರೆ ಹಳೆಯದು 30 ಸೆಂ.ಮೀ. ಅಗಲ ಇತ್ತು, ಹೊಸದು 41. ಉದ್ದ, ಅಗಲ, ದಪ್ಪ ಮೂರನ್ನೂ ಗುಣಿಸಿ, ಅಂಚು ಕರಗಿದ್ದಕ್ಕೆ, ತುದಿ ಸಣ್ಣಗಾದದ್ದಕ್ಕೆ ಕಳೆದರೆ ಹಲಗೆಯ ಗಾತ್ರ ಸುಮಾರು 26 ಲೀಟರ್. ಹಳೆಯದು ಹೆಚ್ಚುಕಮ್ಮಿ ಅದರ ಅರ್ಧ. ಮೂತಿ ಇನ್ನೂ ಇಳಿಸಬಹುದಿತ್ತು, ಆದರೆ ಅಳಿಯ ಇನ್ನೂ ಕಲಿಯೋರು. ಮುಂದಕ್ಕೆ ಭಾರ ಹಾಕಿದಾಗ ಚುಚ್ಚಿಕೊಂಡು ಬೀಳಬಾರದು ಅಂತ 7.5ಕ್ಕೆ ನಿಲ್ಲಿಸಿದೆ.

ಒಳಗಿನ ತಿರುಳು ಥರ್ಮೋಕೋಲ್. ಟಿವಿ ಡಬ್ಬದಲ್ಲಿ ಬರುವಂಥದ್ದಲ್ಲ, ಕೋಲ್ಡ್ ಸ್ಟೋರೇಜ್ ಗೋಡೆಗೆ ಹಾಕುವ ಗಟ್ಟಿ ಜಾತಿ. ಉಗುರಲ್ಲಿ ಒತ್ತಿದರೆ ಕಾಳು ಉದುರಬಾರದು. ನಮ್ಮ ಶೆಡ್ಡಿನ ದಿನದ ರಾಳ ಪಾಲಿಯೆಸ್ಟರ್. ಅದನ್ನು ಥರ್ಮೋಕೋಲ್ ಮೇಲೆ ಹಾಕಲೇಬಾರದು. ಅದರಲ್ಲಿರುವ ಸ್ಟೈರೀನ್ ಥರ್ಮೋಕೋಲನ್ನು ಕರಗಿಸಿಬಿಡುತ್ತೆ. ಹೊಸ ಹುಡುಗನಿಗೆ ಗೊತ್ತಾಗಲಿ ಅಂತ ಒಂದು ತುಂಡಿನ ಮೇಲೆ ಒಂದು ಚಮಚ ಸುರಿದು ತೋರಿಸಿದೆ. ಬಿಸಿ ಅನ್ನದ ಮೇಲೆ ಬೆಣ್ಣೆ ಇಳಿದ ಹಾಗೆ ಇಳಿದು ಗುಂಡಿಯಾಯಿತು. ಇದಕ್ಕೆ ಎಪಾಕ್ಸಿ ಅನ್ನೋ ಬೇರೆ ಜಾತಿಯ ರಾಳವೇ ಬೇಕು. ಬೆಲೆ ಜಾಸ್ತಿ, ಬೇರೆ ದಾರಿ ಇಲ್ಲ.

ಬಾಗು ಕತ್ತರಿಸೋಕೆ ಪ್ಲೈವುಡ್ಡಿನ ಎರಡು ಅಚ್ಚು ಮಾಡಿ ಬ್ಲಾಕಿನ ಎರಡೂ ಪಕ್ಕಕ್ಕೆ ಮೊಳೆ ಹೊಡೆದೆವು. ನೈಕ್ರೋಮ್ ತಂತಿಯನ್ನು ಬಿಲ್ಲಿನಂತೆ ಬಿಗಿದು, ಬ್ಯಾಟರಿ ಕೊಟ್ಟು ಕಾಯಿಸಿ, ಇಬ್ಬರೂ ಎರಡು ಕಡೆಯಿಂದ ಒಂದೇ ಸಮ ಎಳೆದೆವು. ಒಬ್ಬರು ನಿಂತರೂ ಅಲ್ಲಿ ತಂತಿ ಸುಟ್ಟು ಗೆರೆ ಬೀಳುತ್ತೆ. ನಡುವೆ ಉದ್ದಕ್ಕೂ ಸೀಳಿ 4 ಮಿ.ಮೀ. ಪ್ಲೈವುಡ್ ಪಟ್ಟಿ ಅಂಟಿಸಿದೆವು, ಬೆನ್ನುಮೂಳೆ ಥರ. ಆಮೇಲೆ ಅಂಚು ಉಜ್ಜಿದ್ದು. ಮುಂದಿನ ಅಂಚು ದುಂಡಗೆ, ನೀರು ಸುತ್ತಿಕೊಂಡು ಹೋಗಲಿ. ಬಾಲದ ಕೊನೆಯ 40 ಸೆಂ.ಮೀ. ಮಾತ್ರ ತಳದ ಅಂಚು ಚೂಪು, ನೀರು ಅಲ್ಲಿ ಕತ್ತರಿಸಿಕೊಂಡು ಬಿಡಬೇಕು. ದುಂಡಗಿದ್ದರೆ ನೀರು ಅಂಟಿಕೊಂಡು ಹಿಂದಕ್ಕೆ ಎಳೆಯುತ್ತೆ.

ಗ್ಲಾಸ್ ಬಟ್ಟೆ ಹಾಕುವ ದಿನ ಒಂದು ತಪ್ಪು ಮಾಡಿದೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಥರ್ಮೋಕೋಲ್ ಮೇಲೆ ಕೆಲಸ ಮಾಡೋರಿಗೆ ಉಪಯೋಗಕ್ಕೆ ಬರುತ್ತೆ. ಡಿಸೆಂಬರ್ ತಿಂಗಳು. ನಮ್ಮಲ್ಲಿ ಆಗ ಬೆಳಿಗ್ಗೆ ಚಳಿ, ಮಧ್ಯಾಹ್ನ ಚುರುಕು ಬಿಸಿಲು. ತಂಪಲ್ಲಿ ರಾಳ ಬೇಗ ಗಟ್ಟಿಯಾಗಲ್ಲ, ನಿಧಾನವಾಗಿ ಕೆಲಸ ಮಾಡಬಹುದು ಅಂತ ಬೆಳಿಗ್ಗೆ ಎಂಟಕ್ಕೆ ತಳದ ಕಡೆ ಶುರು ಮಾಡಿದೆ. ಚದರ ಮೀಟರಿಗೆ 200 ಗ್ರಾಂ ತೂಗುವ ಗ್ಲಾಸ್ ಬಟ್ಟೆ ಎರಡು ಪದರ. ಹಾರ್ಡ್‌ನರ್ (ರಾಳ ಗಟ್ಟಿ ಮಾಡೋಕೆ ಬೆರೆಸುವಂಥದ್ದು) ತೂಕದ ಯಂತ್ರದಲ್ಲೇ ತೂಗಿದ್ದು, ಅಂದಾಜಿಲ್ಲ. ಬಟ್ಟೆ ನೆನೆದು ಬಿಳಿ ಬಣ್ಣ ಹೋಗಿ ಗಾಜಿನ ಹಾಗೆ ಪಾರದರ್ಶಕವಾಯಿತು. ರಬ್ಬರ್ ಪಟ್ಟಿಯಲ್ಲಿ ಹೆಚ್ಚಿನ ರಾಳ ಎಳೆದು ತೆಗೆದೆವು. ಒಂಬತ್ತೂವರೆಗೆ ಎಲ್ಲ ಮುಗಿದು, ಮಂಡಕ್ಕಿ ಮಿರ್ಚಿ ತಿನ್ನೋಕೆ ಹೊರಗೆ ಹೋದೆವು.

ಬಂದು ನೋಡಿದರೆ ಮೈತುಂಬ ಗುಳ್ಳೆ. ಸಾಸಿವೆ ಕಾಳಷ್ಟು ಕೆಲವು, ತೊಗರಿ ಕಾಳಷ್ಟು ಕೆಲವು. ನಾನು ನೋಡುತ್ತಿದ್ದ ಹಾಗೇ ಒಂದು ಎದ್ದು, ಒಡೆದು, ಅದೇ ಜಾಗದಲ್ಲಿ ಇನ್ನೊಂದು ಏಳೋಕೆ ಶುರುವಾಯಿತು. ಥರ್ಮೋಕೋಲಿನ ಕಾಳುಗಳ ನಡುವೆ ಗಾಳಿ ಇರುತ್ತೆ. ಶೆಡ್ಡಿನ ತಗಡು ಕಾಯುತ್ತಿದ್ದ ಹಾಗೆ ಒಳಗಿನ ಗಾಳಿ ಹಿಗ್ಗಿ, ಹಸಿ ರಾಳದ ಮೂಲಕ ಹೊರಗೆ ಬರುತ್ತಿತ್ತು. ಬೆರಳಲ್ಲಿ ಒತ್ತಿ ಒತ್ತಿ ಕೂರಿಸಿದೆ, ಪ್ರಯೋಜನವಾಗಲಿಲ್ಲ. ರಾಳ ಒಣಗಿದ ಮೇಲೆ ಎಲ್ಲ ಉಜ್ಜಿ, ತೂತುಗಳಿಗೆ ಎಪಾಕ್ಸಿಗೆ ಮೈಕ್ರೊಬಲೂನ್ ಅನ್ನೋ, ಒಳಗೆ ಟೊಳ್ಳಾದ ಸಣ್ಣ ಗುಂಡುಗಳ ಹಗುರ ಪುಡಿ ಕಲಸಿ ತುಂಬಿದೆ. ಎರಡು ದಿನ ಹೋಯಿತು, ತೂಕವೂ ಒಂದಿಷ್ಟು ಏರಿತು.

ಮೇಲಿನ ಕಡೆಗೆ ಉಲ್ಟಾ ಮಾಡಿದೆ. ಮಧ್ಯಾಹ್ನ ಹಲಗೆಯನ್ನು ಶೆಡ್ಡಿನ ಬೆಚ್ಚಗಿನ ಕಡೆ ಇಟ್ಟು, ಸಂಜೆ ಐದರ ಮೇಲೆ, ಬಿಸಿ ಇಳಿಯುವಾಗ ಬಟ್ಟೆ ಹಾಕಿದೆ. ತಂಪಾಗುತ್ತಾ ಹೋದ ಹಾಗೆ ಒಳಗಿನ ಗಾಳಿ ಕುಗ್ಗಿ ರಾಳವನ್ನು ಒಳಕ್ಕೆ ಎಳೆದುಕೊಂಡಿತು. ಒಂದೇ ಒಂದು ಗುಳ್ಳೆ ಇಲ್ಲ. ನಾನು ರಾತ್ರಿ ಹತ್ತರ ತನಕ ಟಾರ್ಚ್ ಹಿಡಿದು ನೋಡುತ್ತಾ ಕೂತಿದ್ದೆ. ಕಾಲಿಡುವ ಜಾಗದಲ್ಲಿ ಮೂರನೇ ಪದರ ಹಾಕಿದೆ, ಹಿಮ್ಮಡಿ ಒತ್ತಿ ಒತ್ತಿ ಗುಂಡಿ ಬೀಳೋದು ಅಲ್ಲೇ. ಬೆಳಿಗ್ಗೆ ಮೈ ಮೇಲೆ ಜಿಡ್ಡು ಬಂದಿತ್ತು. ಚಳಿಯಲ್ಲಿ ಎಪಾಕ್ಸಿ ಒಣಗಿದಾಗ ಹಾಗಾಗುತ್ತೆ. ಉಜ್ಜೋ ಮೊದಲು ನೀರು, ಸ್ಪಂಜು ಹಾಕಿ ತೊಳೆಯಬೇಕು. ಹಾಗೇ ಉಜ್ಜಿದರೆ ಆ ಜಿಡ್ಡು ಒಳಗೆ ಸೇರಿ ಮುಂದಿನ ಕೋಟ್ ಹಿಡಿಯಲ್ಲ.

ಡೆಕ್ಕಿನಲ್ಲಿ, ಅಂದರೆ ಹಲಗೆಯ ಮೇಲ್ಮೈಯಲ್ಲಿ, ಗಾಳಿ ಬಿಡೋಕೆ ಒಂದು ಸಣ್ಣ ಸ್ಕ್ರೂ ಕೂರಿಸಿದೆ. ವಿಮಾನದಲ್ಲಿ ಹೊರಗಿನ ಒತ್ತಡ ಕಮ್ಮಿಯಾದಾಗ ಒಳಗಿನ ಗಾಳಿ ಹಿಗ್ಗಿ ಬಟ್ಟೆಯನ್ನು ಕಿತ್ತುಬಿಡಬಹುದು. ಸಾಗಿಸುವಾಗ ಸಡಿಲ ಬಿಡಬೇಕು, ನೀರಿಗಿಳಿಯುವಾಗ ಬಿಗಿ ಮಾಡಬೇಕು. ಬಿಸಿಲಲ್ಲಿ ನಿಂತ ಕಾರಿನೊಳಗೆ ಹಲಗೆ ಬಿಡಬಾರದು ಅಂತಲೂ ಅಳಿಯನಿಗೆ ಎರಡೆರಡು ಸಲ ಹೇಳಿದ್ದೇನೆ.

ಇನ್ನು ಬಾಲದ ಅಡಿಯಲ್ಲಿ ನೀರಿಗೆ ಇಳಿಬೀಳುವ ರೆಕ್ಕೆಗಳ ವಿಷಯ. ಹಳೆಯದಕ್ಕೆ ಮೂರು ದೊಡ್ಡ ರೆಕ್ಕೆ ಇದ್ದವು. ದೊಡ್ಡ ರೆಕ್ಕೆ ಹಿಡಿತ ಕೊಡುತ್ತೆ, ಜೊತೆಗೆ ಎಳೆತವನ್ನೂ ಕೊಡುತ್ತೆ. ಹೊಸದಕ್ಕೆ ಎರಡು ಪಕ್ಕದ ರೆಕ್ಕೆ, 11 ಸೆಂ.ಮೀ. ಎತ್ತರದವು, ನಡುವೆ ಒಂದು ಪುಟ್ಟದು, ಬೇಡ ಅಂದರೆ ಬಿಚ್ಚಬಹುದು. ಪಕ್ಕದ ರೆಕ್ಕೆಗಳ ಮುಂತುದಿ ಒಳಕ್ಕೆ 3 ಮಿ.ಮೀ. ಮಾತ್ರ ತಿರುಗಿವೆ. ಇದಕ್ಕಿಂತ ಜಾಸ್ತಿ ತಿರುಗಿಸಿದರೆ ಬೇಗ ತಿರುಗುತ್ತೆ, ಆದರೆ ನೇರ ಹೋಗುವಾಗ ಬ್ರೇಕ್ ಹಾಕಿದಂತೆ. ರೆಕ್ಕೆ ಸಿಕ್ಕಿಸುವ ಡಬ್ಬಗಳನ್ನು ಅಳಿಯನೇ ಅಲ್ಲಿಂದ ತಂದಿದ್ದರು.

ಅವರು ಬಂದ ವಾರದಲ್ಲಿ ಚನ್ನಗಿರಿ ಕಡೆ ನಮ್ಮ ಬೀಗರ ಅಡಿಕೆ ತೋಟಕ್ಕೆ ಹಲಗೆ ಒಯ್ದೆವು. ಅಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ ಇದೆ. ಹಲಗೆಯ ತೂಕ 3.6 ಕೆ.ಜಿ. ಬಂದಿತ್ತು. ಅದನ್ನು ನೀರಿಗೆ ಬಿಟ್ಟು, ತೂಗಿದ ಕಲ್ಲುಗಳನ್ನು ಒಂದೊಂದಾಗಿ ಮೇಲಿಟ್ಟೆವು. ನೀರು ಡೆಕ್ಕಿನ ಮಟ್ಟಕ್ಕೆ ಬಂದಾಗ ಕಲ್ಲು 22 ಕೆ.ಜಿ. ಆಗಿತ್ತು. ಎರಡೂ ಸೇರಿ 25.6. ಅಂದರೆ ಹಲಗೆ 25.6 ಲೀಟರ್ ನೀರು ತಳ್ಳುತ್ತೆ. ನಾನು ಕಾಗದದಲ್ಲಿ ಹಾಕಿದ್ದು 26. ಬೀಗರು ಕಲ್ಲು ಎಣಿಸಿ ಎಣಿಸಿ, "ಇಷ್ಟು ಕರಾರುವಾಕ್ಕಾಗಿ ಬರುತ್ತಾ!" ಅಂತ ಇನ್ನೊಂದು ಸಲ ಇಡಿಸಿದರು. ಎರಡನೇ ಸಲವೂ ಅದೇ ಬಂತು. ಆಮೇಲೆ ಅಳಿಯ ಲೈಫ್ ಜಾಕೆಟ್ ಹಾಕಿಕೊಂಡು ಅದರ ಮೇಲೆ ಬೋರಲು ಮಲಗಿ ಒಂದು ಸುತ್ತು ಹೊಡೆದರು.

ಆ ದಿನ ಅಲ್ಲಿದ್ದ ಹುಡುಗರು ಒಂದು ಪ್ರಶ್ನೆ ಕೇಳಿದರು: ಸೂಳೆಕೆರೆಯಲ್ಲಿ ಯಾರದಾದರೂ ಮೋಟಾರ್ ದೋಣಿ ಹಿಡಿದು ಹೀಗೇ ಆಡಬಹುದಾ? ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ಬೇಡವೇ ಬೇಡ. ನಮ್ಮ ಕಡೆಯ ದೋಣಿಗಳಿಗೆ ಮೋಟಾರ್ ಹಿಂದೆ ನೇತಾಡುತ್ತಿರುತ್ತೆ, ನೀರನ್ನು ತಳ್ಳುವ ಫ್ಯಾನು (ಪ್ರೊಪೆಲರ್) ದೋಣಿಯ ಹಿಂಬದಿಗೆ ತಿರುಗುತ್ತಿರುತ್ತೆ. ವೇಕ್‌ಸರ್ಫ್ ಆಡೋರು ದೋಣಿಗೆ ಹತ್ತು ಅಡಿ ಒಳಗೇ ಇರುತ್ತಾರೆ. ಮುಂದಕ್ಕೆ ಬಿದ್ದರೆ ನೇರ ಫ್ಯಾನಿನ ಹತ್ತಿರ. ಈ ಆಟಕ್ಕೆ ಫ್ಯಾನು ದೋಣಿಯ ಹೊಟ್ಟೆಯ ಕೆಳಗೆ, ಹಿಂತುದಿಗಿಂತ ಒಳಗೆ ಇರುವ ದೋಣಿಯೇ ಆಗಬೇಕು. ಅಂಥ ದೋಣಿಯಲ್ಲೂ ಹಿಂಬದಿ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಎಂಜಿನ್ ಓಡುವಾಗ ಹಿಂದಿನ ಮೆಟ್ಟಿಲ ಮೇಲೆ ಕೂರಲೇಬಾರದು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೂ ಬಾರದು. ಮಗಳಿಗೆ ಫೋನ್ ಮಾಡಿದಾಗಲೆಲ್ಲ ಇದನ್ನು ಕೇಳಿಯೇ ಕೇಳುತ್ತೇನೆ.

ಹಲಗೆ ಹೋಗಿ ಮೂರು ತಿಂಗಳ ಮೇಲೆ, ಅಲ್ಲಿ ನೀರು ಬೆಚ್ಚಗಾದ ಮೇಲೆ ವಿಡಿಯೊ ಬಂತು. ಇಲ್ಲಿ ಬೆಳಿಗ್ಗೆ ಆರು ಗಂಟೆ. ಮಗಳು ದೋಣಿಯಲ್ಲಿ ಕೂತು ತೆಗೆದಿದ್ದಾಳೆ. ಅಳಿಯ ಎದ್ದರು, ಇಳಿಜಾರಿಗೆ ಬಂದರು, ಹಗ್ಗ ಸಡಿಲವಾಗಿ ನೀರಿಗೆ ತಾಗಿತು. ಹಗ್ಗ ಬಿಟ್ಟರು. ನಾನು ಮನಸ್ಸಲ್ಲೇ ಒಂದು, ಎರಡು, ಮೂರು ಅಂತ ಎಣಿಸಿದೆ. ಹತ್ತು ದಾಟಿತು. ಹಿಂದಿನ ಕಾಲಿಗೆ ಭಾರ ಹಾಕಿದಾಗ ಸ್ವಲ್ಪ ಹಿಂದೆ ಸರಿದರು, ಮುಂದಿನ ಕಾಲಿಗೆ ಹಾಕಿದಾಗ ಮತ್ತೆ ದೋಣಿಯ ಹತ್ತಿರ ಬಂದರು. ಬಾಲದ ಎರಡೂ ಅಂಚಿನಿಂದ ನೀರು ನೇರ ಗೆರೆಯಾಗಿ ಬಿಡುತ್ತಿತ್ತು, ಎಲ್ಲೂ ಅಂಟಿಕೊಂಡಿರಲಿಲ್ಲ. ನನ್ನ ಕಣ್ಣು ಅಲ್ಲೇ ಇತ್ತು. "ಮಾವ, ನಿಂತಿದೆ ನೋಡಿ!" ಅಂತ ಕೂಗಿದ್ದು ಎಂಜಿನ್ ಸದ್ದಿನಲ್ಲೂ ಕೇಳಿಸಿತು. 41 ಸೆಕೆಂಡಿಗೆ ಬಿದ್ದರು, ಅದೂ ನಗುತ್ತಾ ಕೈ ಎತ್ತಲು ಹೋಗಿ.

ಕೊರತೆಯೂ ಇದೆ. ಜೋರಾಗಿ ತಿರುಗಿಸಿದಾಗ ಅಗಲ ಬಾಲ ತಡವಾಗಿ ಮಾತು ಕೇಳುತ್ತೆ. ನಡುವಿನ ಪುಟ್ಟ ರೆಕ್ಕೆ ಬಿಚ್ಚಿ ನೋಡಿ ಅಂದೆ, ತಿರುವು ಹಗುರಾಯಿತಂತೆ, ಹಿಡಿತ ಕಮ್ಮಿಯಾಯಿತಂತೆ. ಮಗಳು ಅದೇ ಹಲಗೆ ಮೇಲೆ ನಿಂತು ನೋಡಿದಳು. ಅವಳ ತೂಕ 54 ಕೆ.ಜಿ. ಅವಳಿಗೆ ಅದು ದೊಡ್ಡದು, ಅಂಚು ನೀರಿಗೆ ಇಳಿಯುತ್ತಲೇ ಇಲ್ಲ. ಅಲೆ ಅದೇ, ಹಾಗಾಗಿ ಬಾಗು ಅದೇ ಇರಬೇಕು. ಉದ್ದ, ದಪ್ಪ ಎರಡೂ ಇಳಿಯಬೇಕು. 140 ಸೆಂ.ಮೀ., ದಪ್ಪ 4.8 ಅಂತ ಗೀಚಿ ಇಟ್ಟಿದ್ದೇನೆ. ಬಾಗಿನ ಪ್ಲೈವುಡ್ ಅಚ್ಚುಗಳು ಶೆಡ್ಡಿನ ಅಟ್ಟದ ಮೇಲೆ ಜೋಪಾನವಾಗಿವೆ. ಬಲಗಡೆ ರೆಕ್ಕೆಯ ಡಬ್ಬದ ಸುತ್ತ ಕೂದಲೆಳೆಯ ಬಿರುಕು ಕಾಣುತ್ತಿದೆ ಅಂತ ಹೋದ ವಾರ ಅಳಿಯ ಫೋಟೊ ಕಳಿಸಿದ್ದಾರೆ. ಅಲ್ಲಿ ನೀರು ಒಳಗೆ ಹೋದರೆ ಥರ್ಮೋಕೋಲ್ ಕುಡಿದುಕೊಳ್ಳುತ್ತೆ. ಸದ್ಯಕ್ಕೆ ಒಣಗಿಸಿ ಎಪಾಕ್ಸಿ ತುಂಬಿ, ಮೇಲೆ ಅಂಗೈ ಅಗಲದ ಬಟ್ಟೆ ಹಾಕಿ ಅಂತ ಹೇಳಿ, ಯಾವ ಕಡೆಯಿಂದ ಉಜ್ಜಬೇಕು ಅಂತ ಚಿತ್ರ ಬರೆದು ಕಳಿಸಿದ್ದೇನೆ. ಸಂಜೆ, ಬಿಸಿ ಇಳಿದ ಮೇಲೆಯೇ ಹಾಕಿ ಅಂತ ಚಿತ್ರದ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ.